ಹಳೆಯ ದೊಡ್ಡ ಕ್ಯಾಮರಾಗಳೂ ಅವುಗಳ ಪೆಟ್ಟಿಗೆಗಳೂ

1. ಪೀಠಿಕೆ

ಕನ್ನಡ ನಾಡಿನ ಶಾಸನಗಳನ್ನೂ ದೇವಾಲಯಗಳನ್ನೂ ಕುರಿತ ಗ್ರಂಥಗಳಲ್ಲಿ ಅಚ್ಚಾಗಿರುವ ಛಾಯಾಚಿತ್ರಗಳನ್ನು ವಿದ್ವಾಂಸರು ಪದೇಪದೇ ತೆರೆದು ನೋಡುತ್ತಾರೆ. ಅವುಗಳ ಆಧಾರದಿಂದ ಪಾಠಗಳನ್ನು ತಿದ್ದುತ್ತಾರೆ, ಲಿಪಿಯ ಕಾಲವನ್ನು ನಿರ್ಣಯಿಸುತ್ತಾರೆ. ಆದರೆ ಆ ಚಿತ್ರಗಳನ್ನು ತೆಗೆದ ಯಂತ್ರವು ಯಾವ ಬಗೆಯದು, ಅದು ಆ ಊರನ್ನು ಹೇಗೆ ಮುಟ್ಟಿತು, ಹಿಂತಿರುಗಿದ ಮೇಲೆ ಎಲ್ಲಿ ನೆಲೆಸಿತು ಎಂಬ ವಿಚಾರವು ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ತಾಳೆಯೋಲೆಯ ಗ್ರಂಥವೊಂದು ಮುನ್ನೂರು ವರ್ಷ ಉಳಿದುಬರುವುದಕ್ಕೆ ಅದನ್ನು ಬರೆದವನ ಶ್ರಮದಷ್ಟೇ, ಅದರ ಎರಡು ಕಡೆಯ ಮರದ ಹಲಗೆಗಳೂ ಕಟ್ಟಿದ ದಾರವೂ ಸುತ್ತಿದ ವಸ್ತ್ರವೂ ಕಾರಣವೆಂಬುದು ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಸುವಿದಿತವಾದ ಸಂಗತಿ. ಗಾಜಿನ ಫಲಕದ ಮೇಲೆ ಮೂಡಿದ ಛಾಯೆಯ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುತ್ತದೆ.

ಕ್ಯಾಮರಾ ಎಂಬ ಮಾತಿಗೆ ಲ್ಯಾಟಿನ್ ಭಾಷೆಯಲ್ಲಿ ಕೋಣೆ ಎಂದು ಅರ್ಥ. ಹಿಂದೂಸ್ಥಾನಿಯ ಕಮರಾ ಎಂಬ ಶಬ್ದವೂ ಪೋರ್ತುಗೀಸರ ಮೂಲಕ ಇದೇ ಮೂಲದಿಂದ ಬಂದುದು. ಬೆಳಕು ಹೊಗದ ಕೋಣೆಯೊಂದನ್ನು ಊರಿಂದೂರಿಗೆ ಹೊತ್ತು ನಡೆಯಬೇಕೆಂದರೆ, ಆ ಕೋಣೆಗೆ ಇನ್ನೊಂದು ಮನೆ ಬೇಕಾಗುತ್ತದೆ. ಆ ಮನೆಯೇ ಈ ಲೇಖನದ ವಿಷಯವಾದ ಪೆಟ್ಟಿಗೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಿದೆ. ಬಂಡೆ ಬೆಟ್ಟ, ಗಾಡಿದಾರಿ, ರೈಲುದಾರಿ, ಬಿಸಿಲು, ಮಳೆ ಇವೆಲ್ಲವೂ ಒಂದೇ ಕಡೆ ಕೂಡಿರುವ ಪ್ರದೇಶವಾದುದರಿಂದ, ಪೆಟ್ಟಿಗೆಯ ಗುಣದೋಷಗಳನ್ನು ಪರೀಕ್ಷಿಸುವುದಕ್ಕೆ ಇದು ತಕ್ಕ ಒರೆಗಲ್ಲಾಗಿದೆ. ಮುಖ್ಯವಾಗಿ ಪ್ರತಿಪಾದಿಸತಕ್ಕದ್ದು ಎರಡು ಮಾತು: ಪೆಟ್ಟಿಗೆಯು ಕ್ಯಾಮರಾದ ಒಂದು ಅಂಗವೇ ಹೊರತು ಹೊದಿಕೆಯಲ್ಲ, ಆದರೂ ಪಯಣದಲ್ಲಿ ಕಾಪಾಡಿದ ಪೆಟ್ಟಿಗೆಯೇ ನೆಲೆಯಲ್ಲಿ ಕೆಡಿಸಬಹುದು.

2. ಯಂತ್ರದ ಸ್ವರೂಪ

ಹಳೆಯ ದೊಡ್ಡ ಕ್ಯಾಮರಾದಲ್ಲಿ ಮೂರು ಭಾಗಗಳು. ಮುಂದೆ ಮಸೂರವನ್ನು ಹೊತ್ತ ಹಲಗೆ. ಹಿಂದೆ ಉಜ್ಜಿ ಮಬ್ಬಾಗಿಸಿದ ಗಾಜಿನ ಚೌಕಟ್ಟು. ಇವೆರಡರ ನಡುವೆ ಹಿಗ್ಗುವ, ಕುಗ್ಗುವ ಚರ್ಮದ ತಿದಿ. ಕಮ್ಮಾರನ ತಿದಿಯಂತೆ ಇದು ಗಾಳಿಯನ್ನು ಊದುವುದಿಲ್ಲ. ಮಸೂರಕ್ಕೂ ಗಾಜಿಗೂ ನಡುವಣ ದೂರವು ಬದಲಾದಂತೆಲ್ಲಾ ಹೊರಗಿನ ಬೆಳಕು ಒಳನುಗ್ಗದಂತೆ ತಡೆಯುತ್ತದೆ. ಇದರ ಮಡಿಕೆಗಳನ್ನು ನೋಡಿದರೆ ಹಳೆಯ ವರ್ತಕರ ಕಡತವು ನೆನಪಿಗೆ ಬರುವುದು ಸಹಜ. ಹುಣಿಸೆಬೀಜದ ಅಂಟಿನಲ್ಲಿ ಇದ್ದಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು ಮಾಡಿದ ಕಡತವೂ ಹೀಗೆಯೇ ಹಿಂದಕ್ಕೂ ಮುಂದಕ್ಕೂ ಮಡಿಸಿದ್ದು. ಅದೂ ಮೊದಲು ಸವೆಯುವುದು ಮಡಿಕೆಯ ಏಣಿನಲ್ಲಿಯೇ. ತಿದಿಯ ಮೂಲೆಗಳಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಫಲಕದ ಮೇಲೆ ಮಸಕು ಹರಡಿ ಚಿತ್ರವು ಕೆಡುತ್ತದೆ.

ಇಂಥ ಯಂತ್ರದಲ್ಲಿ ಚಿತ್ರವನ್ನು ಹಿಗ್ಗಿಸಿ ಅಚ್ಚುಮಾಡುವ ರೂಢಿಯಿರಲಿಲ್ಲ. ಫಲಕವನ್ನು ಕಾಗದಕ್ಕೆ ತಾಗಿಸಿ ಬೆಳಕಿಗೊಡ್ಡುತ್ತಿದ್ದರು. ಫಲಕದ ಅಳತೆಯೇ ಚಿತ್ರದ ಅಳತೆ. ಆದುದರಿಂದ ದೊಡ್ಡ ಚಿತ್ರ ಬೇಕಾದವನಿಗೆ ದೊಡ್ಡ ಯಂತ್ರವೇ ಬೇಕು. ಅರ್ಧ ಫಲಕವೆಂಬುದು 4¾ ಅಂಗುಲ ಅಗಲ, 6½ ಅಂಗುಲ ಉದ್ದ. ಪೂರ್ಣ ಫಲಕವು 6½ ಅಂಗುಲ ಅಗಲ, 8½ ಅಂಗುಲ ಉದ್ದ. ಇದಕ್ಕಿಂತ ದೊಡ್ಡವು 10 ಅಂಗುಲಕ್ಕೆ 12, 12 ಅಂಗುಲಕ್ಕೆ 15 ಎಂಬ ಅಳತೆಯವು. ಗಾಜು ನೀರಿಗಿಂತ ಎರಡೂವರೆ ಪಟ್ಟು ಭಾರ. ದಪ್ಪವನ್ನು 2 ಮಿಲಿಮೀಟರೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಪೂರ್ಣ ಫಲಕಗಳ ಒಂದು ಡಜನ್ ಎರಡು ಕಿಲೋಗ್ರಾಂಗೆ ಸ್ವಲ್ಪ ಮಿಕ್ಕು ತೂಗುತ್ತದೆ. 12 ಅಂಗುಲಕ್ಕೆ 15ರ ಫಲಕಗಳ ಡಜನ್ ಸುಮಾರು ಏಳು ಕಿಲೋಗ್ರಾಂ. ಇದು ಬರಿಯ ಗಾಜಿನ ಭಾರ. ಇದರ ಮೇಲೆ ಯಂತ್ರ, ಮಸೂರ, ಮುಕ್ಕಾಲಿ, ಫಲಕಗಳನ್ನು ಬೆಳಕಿನಿಂದ ಮರೆಸುವ ಕತ್ತಲೆಗೂಡುಗಳು, ತಲೆಯ ಮೇಲೆ ಹೊದೆಯುವ ಕಪ್ಪು ಬಟ್ಟೆ ಇವೆಲ್ಲವೂ ಸೇರತಕ್ಕವು.

ಕತ್ತಲೆಗೂಡೆಂಬುದು ಪುಸ್ತಕದಂತೆ ಎರಡು ಕಡೆ ತೆರೆಯುವ ತೆಳುವಾದ ಮರದ ಚೌಕಟ್ಟು. ಒಂದೊಂದರಲ್ಲಿ ಎರಡೆರಡು ಫಲಕಗಳು ಹಿಡಿಯುತ್ತಿದ್ದವು. ಯಂತ್ರದೊಡನೆ ಇಂಥ ಮೂರು ಗೂಡುಗಳನ್ನು ಕೊಡುವುದು ವಾಡಿಕೆಯಾಗಿತ್ತು. ಎಂದರೆ ಬೆಳಗ್ಗೆ ಹೊರಟವನ ಕೈಯಲ್ಲಿ ಆರೇ ಚಿತ್ರಗಳು. ಮತ್ತೆ ತುಂಬಬೇಕಾದರೆ ಇರುಳಾಗಬೇಕು, ಇಲ್ಲವೆ ಬೆಳಕು ಹೊಗದ ಡೇರೆಯಾಗಲಿ ಕೋಣೆಯಾಗಲಿ ದೊರೆಯಬೇಕು. ಒಂದು ಗುಡಿಯ ಬಳಿ ನಿಂತು ಆರು ಚಿತ್ರಗಳಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕೆಂಬ ನಿರ್ಣಯವು ಹೀಗೆ ಪೆಟ್ಟಿಗೆಯ ಅಳತೆಯಿಂದಲೇ ಆಗುತ್ತಿತ್ತು. ಹಳೆಯ ಚಿತ್ರಸಂಗ್ರಹವೊಂದರಲ್ಲಿ ಬಾಗಿಲವಾಡವಿದ್ದು ಒಳಗಣ ಕಂಬವಿಲ್ಲದಿದ್ದರೆ, ಅದನ್ನು ಛಾಯಾಗ್ರಾಹಕನ ಅನಾದರವೆಂದು ಕೂಡಲೆ ಹೇಳುವುದು ಸರಿಯಲ್ಲ.

3. ಬರಹದ ಪೆಟ್ಟಿಗೆಯಿಂದ ಛಾಯೆಯ ಪೆಟ್ಟಿಗೆಗೆ

ಈ ಸೀಮೆಯ ಬೆಟ್ಟಗಳನ್ನು ಪರದೇಶದ ಜನರಿಗೆ ಮೊದಲು ಕಾಣಿಸಿದವರು ಛಾಯಾಗ್ರಾಹಕರಲ್ಲ, ಚಿತ್ರಕಾರರು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯವು 1791ರ ಡಿಸೆಂಬರ್ 21ರಂದು ಸಾವನದುರ್ಗವನ್ನು ಹಿಡಿಯಿತು. ಆ ಸೈನ್ಯದೊಡನೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರನ ಮೈಸೂರು ದೃಶ್ಯಗಳ ಪುಸ್ತಕವು 1794ರಲ್ಲಿ ಪ್ರಕಟವಾಯಿತು. ಸಾವನದುರ್ಗ ಮೊದಲಾದ ಗಿರಿದುರ್ಗಗಳು ಅದರಲ್ಲಿ ಸೇರಿವೆ. ಕಾಗದ, ಬಣ್ಣ, ಕುಂಚ ಇಷ್ಟಿದ್ದರೆ ಚಿತ್ರಕಾರನ ಸಲಕರಣೆ ಮುಗಿಯಿತು. ಒಂದು ಕೈಪೆಟ್ಟಿಗೆ ಸಾಕು.

ಛಾಯಾಗ್ರಹಣವು ಬಂದಮೇಲೆ ಸ್ಥಿತಿಯು ಬದಲಾಯಿತು. ಬೆಂಗಳೂರಿನ ದಂಡಿನಲ್ಲಿದ್ದ ಲಿನೀಯಸ್ ಟ್ರೈಪ್ ಎಂಬ ಅಧಿಕಾರಿಯು 1854ರ ಡಿಸೆಂಬರಿನಲ್ಲಿ ಹಳೇಬೀಡು ಬೇಲೂರುಗಳಿಗೆ ಹೋಗಿ ಚಿತ್ರಗಳನ್ನು ತೆಗೆದನು. ಅವನು ಹೆಚ್ಚಾಗಿ ಬಳಸುತ್ತಿದ್ದುದು ಗಾಜನ್ನಲ್ಲ, ಮೇಣ ಹಿಡಿಸಿದ ಕಾಗದವನ್ನು. ಕಾಗದವು ಹಗುರ, ಒಡೆಯುವುದಿಲ್ಲ, ಮುಂಚಿತವಾಗಿ ಸಿದ್ಧಪಡಿಸಿ ಕೆಲವು ದಿನ ಇಟ್ಟುಕೊಳ್ಳಬಹುದು. ಬಿಸಿಲುನಾಡಿನಲ್ಲಿ ದೂರ ಪ್ರಯಾಣಮಾಡುವವನಿಗೆ ಇದು ಅನುಕೂಲವಾಗಿತ್ತು. ಅದೇ ದಶಕದಲ್ಲಿ ಪಿಗೂ, ನೀಲ್, ಬಿಗ್ಸ್ ಎಂಬುವರು ಧಾರವಾಡ, ಮೈಸೂರು ಪ್ರಾಂತಗಳ ಶಿಲ್ಪವನ್ನು ಚಿತ್ರಿಸಿದರು. ಆ ಚಿತ್ರಗಳು ಮೆಡೋಸ್ ಟೇಲರ್, ಜೇಮ್ಸ್ ಫರ್ಗುಸನ್ ಇವರ ವಿವರಣೆಗಳೊಡನೆ 1866ರಲ್ಲಿ ಗ್ರಂಥರೂಪವಾಗಿ ಹೊರಬಂದವು.

1851ರಲ್ಲಿ ಫ್ರೆಡೆರಿಕ್ ಸ್ಕಾಟ್ ಆರ್ಚರನು ಪ್ರಕಟಿಸಿದ ಹಸಿ ಫಲಕದ ವಿಧಾನವು ಕಾಗದಕ್ಕಿಂತ ಬಹಳ ಸ್ಫುಟವಾದ ಚಿತ್ರವನ್ನು ಕೊಡುತ್ತಿತ್ತು. ಆದರೆ ಹೊರೆಯನ್ನು ಹಲವು ಪಟ್ಟು ಹೆಚ್ಚಿಸಿತು. ಗಾಜಿಗೆ ಕೊಲೋಡಿಯನ್ ಎಂಬ ದ್ರವವನ್ನು ಹರಡಿ, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಅದು ಒಣಗುವುದರೊಳಗಾಗಿ, ಎಂದರೆ ಸುಮಾರು ಹತ್ತು ನಿಮಿಷಗಳಲ್ಲಿ, ಚಿತ್ರವನ್ನು ತೆಗೆದು ತೊಳೆದು ಮುಗಿಸಬೇಕು. ಬೇಸಗೆಯಲ್ಲಿ ಈ ಅವಧಿಯು ಇನ್ನೂ ಕಡಿಮೆ. ಆದಕಾರಣ ಛಾಯಾಗ್ರಾಹಕನೊಡನೆ ಕತ್ತಲೆಯ ಡೇರೆಯೂ, ರಸಾಯನಗಳ ಸೀಸೆಗಳೂ, ನೀರಿನ ಪಾತ್ರೆಗಳೂ ನಡೆಯಬೇಕಾಗಿದ್ದವು. ಸ್ಯಾಮ್ಯುಯಲ್ ಬೋರ್ನ್ ಎಂಬುವನು 1864ರಲ್ಲಿ ಕಾಶ್ಮೀರಕ್ಕೆ ಹೊರಟಾಗ ಅವನ ಸಾಮಾನು ಹೊರುವುದಕ್ಕೆ 42 ಜನ ಕೂಲಿಗಳು ಬೇಕಾದರು.

1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ವೈದ್ಯನು ಜೆಲಟಿನ್ ಲೇಪದ ಒಣ ಫಲಕವನ್ನು ಸೂಚಿಸಿದನು. 1880ರ ಸುಮಾರಿಗೆ ಅದು ಅಂಗಡಿಗಳಲ್ಲಿ ದೊರೆಯುವಂತಾಯಿತು. ಡೇರೆಯೂ ಸೀಸೆಗಳೂ ಊರಿನಲ್ಲಿ ಉಳಿದವು. ಗಾಜು ಮಾತ್ರ ದಾರಿ ನಡೆಯಿತು. ಮೈಸೂರು ಸಂಸ್ಥಾನದ ಪ್ರಾಚ್ಯ ಸಂಶೋಧನ ಇಲಾಖೆಯು 1885ರಲ್ಲಿ ಬಿ. ಎಲ್. ರೈಸರ ಕೈಕೆಳಗೆ ಪ್ರಾರಂಭವಾದುದು ಈ ಅನುಕೂಲವು ಒದಗಿದ ಕಾಲದಲ್ಲಿಯೇ. ರೈಸರು ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟವನ್ನು 1905ರಲ್ಲಿ ಹೊರತಂದರು. ಆಗ ಕಾನಕಾನಹಳ್ಳಿಯೆಂದು ಕರೆಯುತ್ತಿದ್ದ ಕನಕಪುರ, ಚನ್ನಪಟ್ಟಣ, ಮಾಗಡಿ ಇವುಗಳ ಶಾಸನಗಳು ಬೆಂಗಳೂರು ಜಿಲ್ಲೆಯ ಆ ಸಂಪುಟದಲ್ಲಿ ಅಡಕವಾಗಿವೆ. 1906ರಿಂದ 1922ರವರೆಗೆ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರು ವಾರ್ಷಿಕ ವರದಿಗಳಲ್ಲಿಯೂ, ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಗಳನ್ನು ಕುರಿತ ಪುಸ್ತಕಗಳಲ್ಲಿಯೂ ಛಾಯಾಚಿತ್ರಗಳಿಗೆ ವಿಶೇಷ ಸ್ಥಾನವನ್ನು ಕೊಟ್ಟರು. ತಾಳೆಯೋಲೆಗಳಿಂದ ಕವಿಚರಿತೆಯನ್ನು ಬಿಡಿಸಿದ ಆ ವಿದ್ವಾಂಸರೇ ಗಾಜಿನ ಫಲಕಗಳಿಂದ ಶಿಲ್ಪಚರಿತೆಯನ್ನೂ ಬಿಡಿಸಿದರೆಂಬುದು ಸಾಹಿತ್ಯಾಭ್ಯಾಸಿಗಳು ಮರೆಯಬಾರದ ಸಂಗತಿ.

4. ನಾಲ್ಕು ಊರುಗಳ ದಾರಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಸಂಸ್ಥಾನದ ಕಾಲದಲ್ಲಿ ಬೆಂಗಳೂರು ಜಿಲ್ಲೆಗೆ ಸೇರಿದ್ದವು. 2007ರಲ್ಲಿ ಏರ್ಪಟ್ಟ ರಾಮನಗರ ಜಿಲ್ಲೆಗೆ ಸೇರಿದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಇವುಗಳಲ್ಲಿ, ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಹಿಂದೆ ಕ್ಲೋಸ್‌ಪೇಟೆಯೆನಿಸಿದ್ದ ರಾಮನಗರವೂ, ಚನ್ನಪಟ್ಟಣವೂ ಬೆಂಗಳೂರು ಮೈಸೂರು ರೈಲುದಾರಿಯ ಮೇಲಿವೆ. ಆ ದಾರಿಯು 1882ರಲ್ಲಿ ಮೈಸೂರನ್ನು ಮುಟ್ಟಿತು. ಕನಕಪುರಕ್ಕೂ ಮಾಗಡಿಗೂ ರೈಲು ಇರಲಿಲ್ಲ. ಅಲ್ಲಿಗೆ ಎತ್ತಿನ ಗಾಡಿಯೇ ಗತಿ. ರಾಮನಗರದಿಂದ ಕನಕಪುರವು 25 ಕಿಲೋಮೀಟರಿಗೂ ಮಿಕ್ಕ ದೂರ. ಮಾಗಡಿಯು ಅದಕ್ಕಿಂತಲೂ ದೂರ. ಗಂಟೆಗೆ ಮೂರು ನಾಲ್ಕು ಕಿಲೋಮೀಟರು ನಡೆಯುವ ಗಾಡಿಗೆ ಇದು ಒಂದು ಇಡೀ ಹಗಲಿನ ಪಯಣ. ಗಾಡಿಯೂ ಹೋಗದ ಕಡೆಗೆ ಆಳಿನ ತಲೆಯೇ ವಾಹನ.

ಒಂದೇ ಪ್ರಯಾಣದಲ್ಲಿ ರೈಲು, ಗಾಡಿ, ತಲೆಹೊರೆ ಮೂರೂ ಕೂಡುವುದರಿಂದ ಪೆಟ್ಟಿಗೆಯ ಮೇಲೆ ಮೂರು ಬಗೆಯ ಪೆಟ್ಟು ಬೀಳುತ್ತದೆ. ರೈಲಿನಲ್ಲಿ ಬಿಡದೆ ನಡೆಯುವ ಸಣ್ಣ ಕಂಪವಿದೆ. ಅದು ತಿರುಪುಗಳನ್ನು ಸಡಿಲಿಸುತ್ತದೆ. ಕಬ್ಬಿಣದ ಪಟ್ಟಿಯ ಚಕ್ರವುಳ್ಳ ಗಾಡಿಯಲ್ಲಿ ಥಟ್ಟನೆ ಏಳುವ ಕುಲುಕಿದೆ. ಅದು ಗಾಜನ್ನು ಒಡೆಯುತ್ತದೆ. ತಲೆಯ ಹೊರೆಯಲ್ಲಿ ಕುಲುಕು ಕಡಿಮೆ, ಬೀಳುವ ಭಯ ಹೆಚ್ಚು. ಈ ಮೂರಕ್ಕೂ ಒಂದೇ ಪರಿಹಾರವಿಲ್ಲ. ಆದುದರಿಂದಲೇ ತಿಳಿದವರು ಎಲ್ಲವನ್ನೂ ಒಂದೇ ದೊಡ್ಡ ಸಂದೂಕದಲ್ಲಿ ತುಂಬದೆ, ಹೊರಗಿನ ಪೆಟ್ಟಿಗೆಯೊಳಗೆ ಕೈಹಿಡಿಯುಳ್ಳ ಚಿಕ್ಕ ಪೆಟ್ಟಿಗೆಗಳನ್ನಿಟ್ಟು ಸಾಗಿಸುತ್ತಿದ್ದರು. ಹೊರಗಿನದು ರೈಲಿಗೂ ಗಾಡಿಗೂ, ಒಳಗಿನವು ಆಳಿಗೆ.

ಹೊರುವ ವಿಧಾನಗಳಿಗೆ ಕನ್ನಡದಲ್ಲಿ ಹೊಸ ಹೆಸರುಗಳನ್ನು ಹುಡುಕಬೇಕಾಗಿಲ್ಲ. ತಲೆಯ ಮೇಲೆ ಸಿಂಬಿಯನ್ನಿಟ್ಟು ಹೊರುವುದುಂಟು. ಹೆಗಲಿನ ಮೇಲೆ ಅಡ್ಡೆಯನ್ನು ಹೊತ್ತು ಎರಡು ಕೊನೆಗಳಲ್ಲಿ ಸಮಭಾರದ ಹೊರೆಗಳನ್ನು ತೂಗಹಾಕುವುದುಂಟು. ಕುದುರೆಯ ಬೆನ್ನಿನ ಎರಡು ಪಕ್ಕಕ್ಕೆ ಹಸುಬೆಯನ್ನು ಇಳಿಬಿಡುವುದುಂಟು. ಇವುಗಳಲ್ಲಿ ಅಡ್ಡೆಗೆ ಒಂದು ನಿಯಮವಿದೆ: ಒಂದು ಕಡೆಯ ಭಾರವು ಇನ್ನೊಂದು ಕಡೆಯದಕ್ಕೆ ಸರಿಯಾಗಬೇಕು. ಯಂತ್ರವನ್ನು ಒಂದು ಕಡೆಯೂ ಗಾಜನ್ನು ಇನ್ನೊಂದು ಕಡೆಯೂ ತೂಗಹಾಕಬೇಕಾದರೆ ಪೆಟ್ಟಿಗೆಗಳನ್ನು ಮಾಡಿಸುವಾಗಲೇ ತೂಕವನ್ನು ಲೆಕ್ಕಿಸಬೇಕು.

ಬೆಟ್ಟದ ಮಾತು ಬೇರೆ. ಸಾವನದುರ್ಗವು ಸಮುದ್ರಮಟ್ಟಕ್ಕೆ 1,226 ಮೀಟರು ಎತ್ತರದಲ್ಲಿದೆ. ಅದರ ಬೋಳುಬಂಡೆಯನ್ನು ಏರುವವನಿಗೆ ಎರಡು ಕೈಗಳೂ ಬೇಕು. ಬೆನ್ನಿಗೆ ಕಟ್ಟಿದ ಪೆಟ್ಟಿಗೆಯು ಮೈಗೆ ಅಂಟಿ ನಿಲ್ಲಬೇಕು. ಭಾರವಾದ ವಸ್ತುವು ಬೆನ್ನಿನ ಕಡೆಗಿರಬೇಕು, ಹೊರಗಡೆಗಿದ್ದರೆ ಹಿಂದಕ್ಕೆ ಎಳೆಯುತ್ತದೆ. ಮುಕ್ಕಾಲಿಯನ್ನು ಪೆಟ್ಟಿಗೆಯೊಳಗೆ ಸೇರಿಸದೆ ಕಿತ್ತಾನಿನ ಚೀಲದಲ್ಲಿ ಬೇರೆಯಾಗಿ ಕಟ್ಟಿದರೆ ಅದು ಊರುಗೋಲಿಗೂ ಆಗುತ್ತದೆ.

ಒಳಗೆ ಅಳವಡಿಸುವ ಕ್ರಮವು ಎಲ್ಲ ಕಡೆಯೂ ಬಹುಮಟ್ಟಿಗೆ ಒಂದೇ. ಮಸೂರವನ್ನು ಯಂತ್ರದಿಂದ ಬಿಡಿಸಿ, ಬನಾತಿನ ಒಳಹೊದಿಕೆಯುಳ್ಳ ಗುಂಡಾದ ಕರಡಿಗೆಯಲ್ಲಿ ಬೇರೆಯಾಗಿ ಇಡತಕ್ಕದ್ದು. ಮಬ್ಬುಗಾಜಿನ ಮುಖದ ಮೇಲೆ ಹಲಗೆಯೊಂದನ್ನಾಗಲಿ ಬರಿದಾದ ಕತ್ತಲೆಗೂಡನ್ನಾಗಲಿ ಒರಗಿಸಿ ಅದನ್ನು ಕಾಪಾಡತಕ್ಕದ್ದು. ಗಾಜಿನ ಫಲಕಗಳನ್ನು ಒಂದರ ಮೇಲೊಂದಾಗಿ ಮಲಗಿಸದೆ, ಗೀರುಗಳಲ್ಲಿ ಅಂಚಿನ ಮೇಲೆ ನಿಲ್ಲಿಸತಕ್ಕದ್ದು. ಮಲಗಿಸಿದ ರಾಶಿಯಲ್ಲಿ ಮೇಲಿನವುಗಳ ಭಾರವೆಲ್ಲವೂ ಕೆಳಗಿನದರ ಮೇಲೆ ಬಿದ್ದು, ಕುಲುಕಿದಾಗ ಅದು ಮೊದಲು ಸೀಳುತ್ತದೆ. ನಿಂತ ಗಾಜು ತನ್ನ ಭಾರವನ್ನು ತಾನೇ ಹೊರುತ್ತದೆ. ಯಾವ ವಸ್ತುವೂ ಅಲುಗಬಾರದು, ಯಾವುದೂ ಬಿಗಿಯಾಗಿಯೂ ಇರಬಾರದು. ಪೆಟ್ಟಿಗೆಯ ಕಲೆಯೆಲ್ಲವೂ ಈ ಎರಡು ಮಾತುಗಳಲ್ಲಿದೆ.

5. ಮರ, ಅರಗು, ಚರ್ಮ

ಶೀತದೇಶದ ಬಡಗಿಗಳು ಮಹಾಗನಿ ಮರದಿಂದ ಮಾಡಿ, ಸರೇಸಿನಿಂದ ಅಂಟಿಸಿ ಕಳುಹಿಸಿದ ಯಂತ್ರಗಳು ಈ ದೇಶದ ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಕುಗ್ಗಿ, ಸಂದುಗಳಲ್ಲಿ ಬಿಟ್ಟುಕೊಳ್ಳುತ್ತಿದ್ದವು. ಆದುದರಿಂದ ಉಷ್ಣದೇಶಗಳಿಗೆಂದೇ ತೇಗದ ಮರದಿಂದ ಮಾಡಿ, ಅಂಟನ್ನು ಮಾತ್ರ ನಂಬದೆ ಮೂಲೆಮೂಲೆಗೂ ಹಿತ್ತಾಳೆಯ ಪಟ್ಟಿಗಳನ್ನು ತಿರುಪಿನಿಂದ ಬಿಗಿದ ಯಂತ್ರಗಳು ಬಳಕೆಗೆ ಬಂದವು. ನೋಡುವವರಿಗೆ ಅಲಂಕಾರದಂತೆ ತೋರುವ ಆ ಹಿತ್ತಾಳೆಯು ವಾಸ್ತವವಾಗಿ ಹವೆಗೆ ಕೊಟ್ಟ ಉತ್ತರ. ಮುಂದೆ 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಎಂಬುವರು ವಾಗೀಶ್ವರಿ ಎಂಬ ಹೆಸರಿನ ಮರದ ಕ್ಯಾಮರಾಗಳನ್ನು ತಯಾರಿಸತೊಡಗಿದರು. ಅವರದು ಸಂಗೀತವಾದ್ಯಗಳ ರಿಪೇರಿಯ ಮನೆತನ. ಹಾರ್ಮೋನಿಯಮಿನ ತಿದಿಯನ್ನು ಬಲ್ಲ ಕೈಗೆ ಕ್ಯಾಮರಾದ ತಿದಿಯು ದೂರದ್ದಾಗಿರಲಿಲ್ಲ.

ಯಂತ್ರದ ಮರಕ್ಕೆ ಕೊಡುತ್ತಿದ್ದ ಮೆರುಗು ಚನ್ನಪಟ್ಟಣದವರಿಗೆ ಹೊಸದಲ್ಲ. ಅಲ್ಲಿಯ ಕುಶಲಿಗಳು ಹಾಲೆಮರದ ಆಟಿಕೆಯನ್ನು ಚರಕಿಗೆ ಕೊಟ್ಟು ತಿರುಗಿಸುತ್ತಾ ಬಣ್ಣ ಕೂಡಿಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಕ್ಯಾಮರಾದ ಬಡಗಿಯು ಅದೇ ಅರಗನ್ನು ಮದ್ಯಸಾರದಲ್ಲಿ ಕರಗಿಸಿ ಬಟ್ಟೆಯಿಂದ ಪದರಪದರವಾಗಿ ಉಜ್ಜುತ್ತಿದ್ದನು. ವಿಧಾನವು ಬೇರೆ, ದ್ರವ್ಯವು ಒಂದೇ. ಆದುದರಿಂದ ಗುಣದೋಷಗಳೂ ಒಂದೇ. ಅರಗು ಬಿಸಿಗೆ ಮೆದುವಾಗುತ್ತದೆ, ತೇವಕ್ಕೆ ಬಿಳುಪೇರುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯ ಮೇಲಣ ಪೆಟ್ಟಿಗೆಯೊಳಗೆ ಒಳಹೊದಿಕೆಯ ಬಟ್ಟೆಯು ಯಂತ್ರದ ಮೈಗೆ ಅಂಟಿಕೊಳ್ಳುವುದಕ್ಕೂ, ಮಳೆಗಾಲದ ಕೊನೆಗೆ ತೆರೆದು ನೋಡಿದಾಗ ಮರದ ಮೇಲೆ ಬೂದಿಯ ಬಣ್ಣದ ಮಬ್ಬು ಕಾಣುವುದಕ್ಕೂ ಇದೇ ಕಾರಣ. ಇಂಥ ಮಬ್ಬನ್ನು ಕಂಡು ಮರವೇ ಕೆಟ್ಟಿತೆಂದು ಅರಗನ್ನು ಕೆರೆದುಹಾಕಿ ಹೊಸ ವಾರ್ನಿಷನ್ನು ಬಳಿಯುವುದು ಹಳೆಯ ಯಂತ್ರಕ್ಕೆ ಮಾಡುವ ದೊಡ್ಡ ಅಪಚಾರ.

ಚರ್ಮದ ಪೆಟ್ಟಿಗೆಗಳು ನೋಟಕ್ಕೆ ಸೊಗಸು, ಹೊರುವುದಕ್ಕೆ ಹಗುರ. ಆದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೊಗಟೆಯ ರಸದಿಂದ ಹದಮಾಡಿದ ಎಷ್ಟೋ ಚರ್ಮಗಳು ಕಾಲಕ್ರಮದಲ್ಲಿ ಆಮ್ಲದ ದೆಸೆಯಿಂದ ಸತ್ತ್ವಗೆಟ್ಟು ಕೆಂಪು ಹುಡಿಯಾಗಿ ಉದುರುತ್ತವೆ. ಚರ್ಮದಲ್ಲಿರುವ ಕೊಬ್ಬು ಹಿತ್ತಾಳೆಯನ್ನು ಮುಟ್ಟಿದ ಕಡೆಗಳಲ್ಲಿ ಹಸುರು ಮೇಣದಂಥ ಕಿಲುಬು ಏಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಚರ್ಮವು ಹವೆಯ ತೇವವನ್ನು ಕುಡಿದು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ.

6. ಪಯಣದ ಪೆಟ್ಟಿಗೆಯೂ ನೆಲೆಯ ಗೂಡೂ

ಈಗ ಹೇಳಿದ ಕೊನೆಯ ಮಾತೇ ಈ ವಿಷಯದ ಕೀಲು. ಪಯಣದ ಪೆಟ್ಟಿಗೆಯ ಧರ್ಮವು ಮುಚ್ಚುವುದು: ಧೂಳು, ಬೆಳಕು, ಮಳೆ, ಪೆಟ್ಟು ಯಾವುದೂ ಒಳಗೆ ಬರಬಾರದು. ನೆಲೆಯ ಗೂಡಿನ ಧರ್ಮವು ಉಸಿರಾಡುವುದು: ಒಳಗಣ ತೇವವು ಹೊರಗೆ ಹೋಗಬೇಕು. ಇವೆರಡೂ ಪರಸ್ಪರ ವಿರುದ್ಧವಾದ ಧರ್ಮಗಳು. ಕೆಲಸದಿಂದ ನಿವೃತ್ತವಾದ ಯಂತ್ರವನ್ನು ಅದರ ಸೊಗಸಾದ ಪೆಟ್ಟಿಗೆಯಲ್ಲಿಯೇ ಬೀಗಹಾಕಿ ಅಟ್ಟದ ಮೇಲಿಡುವುದು ಗೌರವದ ಲಕ್ಷಣವೆಂದು ತೋರಿದರೂ, ಅದರಿಂದ ಯಂತ್ರಕ್ಕೆ ಹಾನಿಯೇ ಹೆಚ್ಚು. ಹವೆಯ ತೇವವು ನೂರಕ್ಕೆ ಅರುವತ್ತೈದನ್ನು ಮೀರಿ ಬಹುದಿನ ನಿಂತರೆ ಬೂಷ್ಟು ಬೆಳೆಯುವುದಕ್ಕೆ ಅನುಕೂಲವಾಗುತ್ತದೆ. ಮುಚ್ಚಿದ ಕತ್ತಲೆ, ಚರ್ಮ, ಬನಾತು, ಧೂಳು ಇವೆಲ್ಲವೂ ಕೂಡಿದ ಪೆಟ್ಟಿಗೆಯು ಅದಕ್ಕೆ ಹದಮಾಡಿದ ಹೊಲವಿದ್ದಂತೆ. ಮಸೂರದ ಮೇಲೆ ಜೇಡರ ಬಲೆಯಂತೆ ಹರಡುವ ಬೂಷ್ಟು ಆಮ್ಲವನ್ನು ಸ್ರವಿಸಿ ಗಾಜನ್ನೇ ಕೊರೆಯುತ್ತದೆ. ಹಾಗೆ ಕೊರೆದ ಗುರುತನ್ನು ಒರಸಿ ತೆಗೆಯಲಾಗುವುದಿಲ್ಲ.

ಆದುದರಿಂದ ಹಳೆಯ ಯಂತ್ರವನ್ನೂ ಅದರ ಪೆಟ್ಟಿಗೆಯನ್ನೂ ಒಂದೇ ಕೋಣೆಯಲ್ಲಿ, ಆದರೆ ಬೇರೆಬೇರೆಯಾಗಿ ಇಡುವುದು ಯುಕ್ತ. ಯಂತ್ರವನ್ನು ಒಗೆದು ಒಣಗಿಸಿದ ಹತ್ತಿಯ ಬಟ್ಟೆಯಿಂದ ಮುಚ್ಚಿ, ಗೋಡೆಗೆ ತಾಗದಂತೆಯೂ ನೆಲದ ಮೇಲಲ್ಲದಂತೆಯೂ ಇಡತಕ್ಕದ್ದು; ಗೆದ್ದಲು ಬರುವುದು ಈ ಎರಡು ದಾರಿಗಳಿಂದಲೇ. ಮಸೂರವನ್ನು ಚರ್ಮದ ಕರಡಿಗೆಯಿಂದ ಹೊರತೆಗೆದು ಬೇರೆ ಇಡಬೇಕು. ಮುಚ್ಚಿದ ಗೂಡೇ ಬೇಕಾದಲ್ಲಿ ತೇವವನ್ನು ಹೀರುವ ಸಿಲಿಕಾ ಜೆಲ್ ಹರಳುಗಳನ್ನಿಟ್ಟು, ಅವು ನೆನೆದಾಗ ಕಾಯಿಸಿ ಒಣಗಿಸಿ ಮತ್ತೆ ಇಡಬೇಕು. ಇಟ್ಟು ಮರೆತ ಹರಳು ಇಲ್ಲದಿರುವುದಕ್ಕೆ ಸಮ. ಮಸೂರದ ಗಾಜುಗಳನ್ನು ಕೂಡಿಸುವ ಬಾಲ್ಸಂ ಅಂಟು ಬಿಸಿಗೆ ಸಡಿಲುವುದರಿಂದ ಹಂಚಿನ ಕೆಳಗಣ ಅಟ್ಟವು ಬೇಸಗೆಯಲ್ಲಿ ಎಂದಿಗೂ ತಕ್ಕ ಸ್ಥಳವಲ್ಲ. ತಿದಿಯನ್ನು ತಿಂಗಳಿಗೊಮ್ಮೆಯಾದರೂ ಮೆಲ್ಲಗೆ ಬಿಡಿಸಿ ಮತ್ತೆ ಮಡಿಸಬೇಕು. ಕತ್ತಲೆಯ ಕೋಣೆಯಲ್ಲಿ ಅದರೊಳಗೆ ಸಣ್ಣ ದೀಪವನ್ನು ಹಿಡಿದರೆ ತೂತುಗಳು ನಕ್ಷತ್ರಗಳಂತೆ ತಾವಾಗಿಯೇ ಕಾಣಿಸುತ್ತವೆ.

ಓಲೆಗರಿಗಳ ವಿಷಯದಲ್ಲಿ ರೂಢಿಯಲ್ಲಿರುವ ಉಪಚಾರಗಳನ್ನು ಇಲ್ಲಿಗೆ ಹಾಗೆಯೇ ತರುವುದು ಸರಿಯಲ್ಲ. ಬೇವಿನ ಹಸಿಯೆಲೆಯು ತನ್ನೊಡನೆ ತೇವವನ್ನು ತರುತ್ತದೆ. ಕರ್ಪೂರವೂ ನುಸಿಗುಳಿಗೆಯೂ ಆವಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಮಸೂರದ ಮೇಲೆ ಮತ್ತೆ ಹೆಪ್ಪುಗಟ್ಟಬಹುದು. ಈಚಿನ ಕಾಲದ ಅಲ್ಯುಮಿನಿಯಂ ಪೆಟ್ಟಿಗೆಗಳು ಗಟ್ಟಿಯಾದವೇ. ಆದರೆ ಅವುಗಳಲ್ಲಿ ತುಂಬುವ ಪಾಲಿಯುರೆಥೇನ್ ಎಂಬ ಮೆತ್ತೆಯು ಕೆಲವು ವರ್ಷಗಳಲ್ಲಿ ಜಿಗುಟಾಗಿ ಪುಡಿಯಾಗಿ ವಸ್ತುವಿಗೆ ಅಂಟುತ್ತದೆ. ದೀರ್ಘಕಾಲಕ್ಕೆ ಪಾಲಿಎಥಿಲೀನಿನ ಮೆತ್ತೆಯೇ ಮೇಲು.

ಚಿತ್ರ ಮೂಡಿದ ಗಾಜಿನ ಫಲಕಗಳಿಗೆ ಇನ್ನೂ ಹೆಚ್ಚಿನ ಎಚ್ಚರಿಕೆ ಅಗತ್ಯ. ಒಂದೊಂದನ್ನೂ ಆಮ್ಲವಿಲ್ಲದ ಕಾಗದದ ನಾಲ್ಕು ಮಡಿಕೆಯ ಹೊದ್ದಿಕೆಯಲ್ಲಿಟ್ಟು, ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ, ಹವೆಯ ತೇವವು ನೂರಕ್ಕೆ ಮೂವತ್ತರಿಂದ ನಲವತ್ತರೊಳಗೆ ಇರುವಂತೆ ನೋಡಿಕೊಳ್ಳುವುದು ಉತ್ತಮ. ತೇವ ಹೆಚ್ಚಾದರೆ ಜೆಲಟಿನ್ನು ಉಬ್ಬಿ ಬೂಷ್ಟಿಗೆ ಆಹಾರವಾಗುತ್ತದೆ. ತೀರ ಒಣಗಿದರೆ ಗಾಜಿನಿಂದ ಹೊಪ್ಪಳೆಯೇಳುತ್ತದೆ. ಗಾಜು ತುಂಬಿದ ಪೆಟ್ಟಿಗೆಯ ಹೊರಗೆ ಭಾರವನ್ನು ದಪ್ಪಕ್ಷರದಲ್ಲಿ ಬರೆಯಬೇಕು. ಎತ್ತುವವನಿಗೆ ಭಾರವು ಮೊದಲೇ ತಿಳಿದಿರಬೇಕು.

7. ಪೆಟ್ಟಿಗೆಯ ಸಾಕ್ಷ್ಯ

ಯಂತ್ರವನ್ನು ಹೊರತೆಗೆದ ಮೇಲೆ ಹಳೆಯ ಪೆಟ್ಟಿಗೆಯಿಂದ ಏನು ಪ್ರಯೋಜನವೆಂಬ ಪ್ರಶ್ನೆಯು ಏಳಬಹುದು. ಬರಿದಾದ ಪೆಟ್ಟಿಗೆಯೂ ಒಂದು ದಾಖಲೆಯೇ. ಅದರ ಒಳಗಣ ಗೀರುಗಳನ್ನು ಎಣಿಸಿದರೆ ಒಂದು ಸಂಚಾರದಲ್ಲಿ ಎಷ್ಟು ಫಲಕಗಳು ಹೋಗುತ್ತಿದ್ದವೆಂಬುದು ತಿಳಿಯುತ್ತದೆ. ಮನೆಗಳ ಅಳತೆಯಿಂದ ಮಸೂರಗಳು ಎಷ್ಟಿದ್ದವು, ಯಾವುದು ಕಳೆದುಹೋಗಿದೆ ಎಂಬುದನ್ನು ಊಹಿಸಬಹುದು. ರೈಲ್ವೆಯ ಚೀಟಿಗಳು, ಇಲಾಖೆಯ ಸಂಖ್ಯೆ, ಮುಚ್ಚಳದ ಒಳಗೆ ಸೀಸದ ಕಡ್ಡಿಯಿಂದ ಗುರುತುಹಾಕಿದ ಪಟ್ಟಿ, ಕತ್ತಲೆಗೂಡುಗಳ ಮೇಲಣ ಅಂಕಿಗಳು ಇವೆಲ್ಲವೂ ಚಿತ್ರಗಳ ಕ್ರಮವನ್ನೂ ಕಾಲವನ್ನೂ ನಿರ್ಣಯಿಸುವುದಕ್ಕೆ ಒದಗುತ್ತವೆ. ಓಲೆಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆದ ಮಾತುಗಳಿಗೆ ಗ್ರಂಥಸಂಪಾದನೆಯಲ್ಲಿ ಯಾವ ಬೆಲೆಯಿದೆಯೋ, ಛಾಯಾಚಿತ್ರಗಳ ಅಭ್ಯಾಸದಲ್ಲಿ ಈ ಗುರುತುಗಳಿಗೆ ಅದೇ ಬೆಲೆ. ಹಿತ್ತಾಳೆಯ ಬೆಲೆಗಾಗಿ ಯಂತ್ರವನ್ನು ಒಬ್ಬರಿಗೂ, ಮರದ ಬೆಲೆಗಾಗಿ ಪೆಟ್ಟಿಗೆಯನ್ನು ಇನ್ನೊಬ್ಬರಿಗೂ ಮಾರಿದಾಗ ಈ ಸಾಕ್ಷ್ಯವು ಅಳಿಯುತ್ತದೆ. ಆದುದರಿಂದ ಹಳೆಯ ಪೆಟ್ಟಿಗೆಯೊಂದು ದೊರೆತಾಗ, ಒರಸುವುದಕ್ಕೆ ಮುಂಚೆ ಅದನ್ನು ಹೇಗಿದೆಯೋ ಹಾಗೆಯೇ ಚಿತ್ರಿಸಿ, ಒಳಗಿನ ವಸ್ತುಗಳು ಇದ್ದ ಸ್ಥಾನವನ್ನು ಬರೆದುಕೊಂಡು, ಚೀಟಿಗಳನ್ನು ಕೀಳದೆ ನಕಲುಮಾಡಿಕೊಳ್ಳುವುದು ಮೊದಲ ಕೆಲಸ.

ಶಾಸನಗಳ ಅಭ್ಯಾಸಿಗಳಿಗೆ ಇದರ ಪ್ರಯೋಜನವು ಪ್ರತ್ಯಕ್ಷವಾದುದು. ಕಲ್ಲಿನ ಮೇಲೆ ನೆನೆದ ಕಾಗದವನ್ನು ಹೊಡೆದು ಮಸಿಹಚ್ಚಿ ತೆಗೆದ ಪಡಿಯಚ್ಚು ಅಕ್ಷರದ ಆಕಾರವನ್ನು ಕೊಡುತ್ತದೆ. ಓರೆಯಾದ ಬೆಳಕಿನಲ್ಲಿ ತೆಗೆದ ದೊಡ್ಡ ಫಲಕವು ಅಕ್ಷರದ ಜೊತೆಗೆ ಕಲ್ಲಿನ ಸವೆತವನ್ನೂ ಬಿರುಕನ್ನೂ ಕೊಡುತ್ತದೆ. ಒಂದು ಗೆರೆಯು ಉಳಿಯಿಂದ ಕೊರೆದುದೋ ಕಾಲದಿಂದ ಸೀಳಿದುದೋ, ಒಂದು ಅಕ್ಷರವು ರೇಫವೋ ಶಕಟರೇಫವೋ ಎಂಬ ಸಂದೇಹವು ಬಂದಾಗ ಇವೆರಡನ್ನೂ ಹೋಲಿಸಿ ನೋಡಬೇಕಾಗುತ್ತದೆ. ಕಲ್ಲು ಮಳೆಬಿಸಿಲುಗಳಿಗೆ ಸವೆಯುತ್ತಲೇ ಇರುತ್ತದೆ. ಕೆಲವು ಕಲ್ಲುಗಳು ಕಟ್ಟಡಗಳ ಕೆಳಗೂ ರಸ್ತೆಗಳ ಕೆಳಗೂ ಸೇರಿಹೋಗುತ್ತವೆ. ಅಂಥಲ್ಲಿ ನೂರು ವರ್ಷದ ಹಿಂದೆ ಆರರಲ್ಲಿ ಒಂದಾಗಿ ಆಯ್ದು ತೆಗೆದ ಗಾಜಿನ ಫಲಕವೇ ಮೂಲಕ್ಕೆ ಅತ್ಯಂತ ಸಮೀಪವಾದ ಪ್ರತಿಯಾಗಿ ನಿಲ್ಲುತ್ತದೆ. ಅದು ಒಡೆಯದೆ ಊರು ಸೇರಿದ್ದು ಒಂದು ಪೆಟ್ಟಿಗೆಯ ದೆಸೆಯಿಂದ. ಮುಂದೆ ಬೂಷ್ಟು ಹಿಡಿಯದೆ ಉಳಿಯಬೇಕಾದರೆ ಅದಕ್ಕೆ ಬೇಕಾದುದು ಬೇರೊಂದು ಗೂಡು. ಗ್ರಂಥಾಲಯಗಳೂ ವಿದ್ಯಾಶಾಲೆಗಳೂ ಹಳೆಯ ಮನೆತನಗಳೂ ತಮ್ಮಲ್ಲಿರುವ ಪೆಟ್ಟಿಗೆಗಳನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಒಮ್ಮೆ ತೆರೆದು ನೋಡುವುದು ಈ ಕಾರ್ಯದ ಆರಂಭವಾಗಬಲ್ಲುದು.